ಮಾರುತಿ 800: ಬಿಸಿಯಾದಾಗ ಮಾತ್ರ ಸೆಲ್ಫ್ ಹೊಡೆಯಲ್ಲ, ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್

ತುಂಗಾತೀರ, ತೀರ್ಥಹಳ್ಳಿ
ಏಪ್ರಿಲ್ 6, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಒಂದು ತೊಂದರೆ ಬಗೆಹರಿಯದೆ ಒದ್ದಾಡುತ್ತಿದ್ದೇನೆ. ಗೊತ್ತಿದ್ದವರು ದಯವಿಟ್ಟು ದಾರಿ ತೋರಿಸಿ.

ಗಾಡಿ 1999ರ ಮಾರುತಿ 800, ಕಾರ್ಬ್ಯುರೇಟರ್ ಇರುವುದು. ಅಪ್ಪ ಹೊಸದಾಗಿ ತಗೊಂಡಿದ್ದು. ಅಪ್ಪ ಹೋಗಿ ಆರು ವರ್ಷ ಆಯ್ತು. ಹದಿನೈದು ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿಕೊಂಡು ಓಡಿಸುತ್ತಿದ್ದೇವೆ. ಇಂಜಿನ್ ಚೆನ್ನಾಗಿದೆ. ಹೊಗೆ ಇಲ್ಲ, ಆಯಿಲ್ ಕುಡಿಯಲ್ಲ.

ಕೆಲವು ಸಲ ಕೀ ತಿರುಗಿಸಿದರೆ 'ಟಕ್' ಅಂತ ಒಂದು ಸದ್ದು, ಅಷ್ಟೇ. ಸೆಲ್ಫ್, ಅಂದರೆ ಇಂಜಿನ್ ಸ್ಟಾರ್ಟ್ ಮಾಡುವ ಮೋಟಾರು, ತಿರುಗಲ್ಲ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಒಂದು ದಿನವೂ ಹೀಗಾಗಿಲ್ಲ. ಶಿವಮೊಗ್ಗಕ್ಕೆ 60 ಕಿಲೋಮೀಟರ್ ಹೋಗಿ ಬಂಕಲ್ಲೋ ಆಸ್ಪತ್ರೆ ಮುಂದೆಯೋ ಐದು ಹತ್ತು ನಿಮಿಷ ನಿಲ್ಲಿಸಿ ಮತ್ತೆ ಕೀ ಹಾಕಿದರೆ ಆಗುತ್ತದೆ. ಅದೂ ಪ್ರತಿ ಸಲ ಅಲ್ಲ. ನಾಲ್ಕು ಸಲದಲ್ಲಿ ಒಂದು ಸಲ. ಇಪ್ಪತ್ತು ನಿಮಿಷ, ಅರ್ಧ ಗಂಟೆ ಸುಮ್ನೆ ಬಿಟ್ಟರೆ ಒಂದೇ ಸಲಕ್ಕೆ ಸ್ಟಾರ್ಟ್.

ಬ್ಯಾಟರಿ ಹೊಸದು ಹಾಕಿಸಿದೆ. ಸರಿಹೋಗಲಿಲ್ಲ. ಸೆಲ್ಫ್ ಮೋಟಾರ್ ಬಿಚ್ಚಿಸಿ ಕಾರ್ಬನ್ ಬ್ರಷ್, ಬುಷ್ ಎಲ್ಲಾ ಬದಲಾಯಿಸಿದರು. ಒಂದು ತಿಂಗಳು ಸರಿ ಇತ್ತು, ಮತ್ತೆ ಶುರುವಾಯ್ತು. ಈಗ ಸೊಲೆನಾಯ್ಡ್ (ಕೀ ತಿರುಗಿಸಿದಾಗ ಒಳಗಿನ ಕಡ್ಡಿ ಎಳೆದುಕೊಂಡು ಸೆಲ್ಫ್ ಮೋಟಾರಿಗೆ ಕರೆಂಟ್ ಮುಟ್ಟಿಸುವ ಸ್ವಿಚ್) ಬದಲಾಯಿಸಿ ಅಂತಿದ್ದಾರೆ. ಅದೂ ಹೋಗಿ ಇನ್ನೇನು ಹೇಳುತ್ತಾರೋ. ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ, ವಾರಕ್ಕೆ ಎರಡು ಸಲ ವ್ಯಾಯಾಮದ ಚಿಕಿತ್ಸೆಗೆ ಕರೆದುಕೊಂಡು ಹೋಗಬೇಕು. ಕಳೆದ ವಾರ ಬಿಸಿಲಲ್ಲಿ 35 ನಿಮಿಷ ಗಾಡಿಯೊಳಗೆ ಕೂತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಕಡಲತಡಿ, ಉಡುಪಿ
ಏಪ್ರಿಲ್ 6, ರಾತ್ರಿ 10:15

ಕಾರ್ಬ್ಯುರೇಟರ್ ಗಾಡಿ, ಬಿಸಿಯಾದಾಗ ಮಾತ್ರ ತೊಂದರೆ ಅಂದರೆ ವೇಪರ್ ಲಾಕ್ ಇರಬಹುದು ಮಾರಾಯ್ರೆ. ಇಂಜಿನ್ ಶಾಖಕ್ಕೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗುತ್ತದೆ. ಪಂಪಿಗೆ ಎಳೆಯಲಿಕ್ಕೆ ಆಗುವುದಿಲ್ಲ. ಪೈಪಿಗೆ ಒದ್ದೆ ಬಟ್ಟೆ ಸುತ್ತಿ ನೋಡಿ. ಅಥವಾ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಜಾಸ್ತಿ ಆಗಿದ್ದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ.

ತುಂಗಾತೀರ
ಏಪ್ರಿಲ್ 6, ರಾತ್ರಿ 10:22

ಥ್ಯಾಂಕ್ಸ್ ಸಾರ್. ಆದರೆ ಸೆಲ್ಫೇ ತಿರುಗಲ್ಲ. ತಿರುಗಿ ಇಂಜಿನ್ ಹತ್ತದೆ ಇರೋದಲ್ಲ. ತಳ್ಳಿದರೆ ಎರಡನೇ ಗೇರಲ್ಲಿ ತಕ್ಷಣ ಸ್ಟಾರ್ಟ್ ಆಗುತ್ತದೆ.

ಕಡಲತಡಿ
ಏಪ್ರಿಲ್ 6, ರಾತ್ರಿ 10:30

ಹಾಗಾದರೆ ನಾನು ಹೇಳಿದ್ದು ಬಿಡಿ. ಪೆಟ್ರೋಲ್, ಕರೆಂಟ್ ಎರಡೂ ಸರಿ ಉಂಟು ಅಂತ ಆಯಿತಲ್ಲ. ಸೆಲ್ಫ್ ಕಡೆಯೇ ನೋಡಬೇಕು.

ಹಳೇ ಡಿಪೋ, ದಾವಣಗೆರೆ
ಏಪ್ರಿಲ್ 7, ಬೆಳಿಗ್ಗೆ 6:10

ನಾನು ಬಸ್ ಡಿಪೋದಲ್ಲಿ 31 ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು. ಈಗ ನಿವೃತ್ತಿ. ಇಂಥ ಗಾಡಿ ದಿನಕ್ಕೊಂದು ಬರುತ್ತಿತ್ತು. ತಮ್ಮಾ, ನೀವು ಬರೆದಿರೋದು ಚೆನ್ನಾಗಿದೆ. ಯಾವಾಗ ಆಗುತ್ತೆ, ಯಾವಾಗ ಆಗಲ್ಲ ಅಂತ ಹೇಳಿದ್ದೀರಿ. ಅರ್ಧ ಕೆಲಸ ಅಲ್ಲೇ ಇದೆ.

ಎರಡು ಪ್ರಶ್ನೆ ಕೇಳುತ್ತೇನೆ. ನೋಡಿಕೊಂಡೇ ಉತ್ತರ ಕೊಡಿ, ಅಂದಾಜಿನ ಮೇಲೆ ಬೇಡ.

ಒಂದು, ಸದ್ದು. 'ಟಕ್' ಅಂತ ಒಂದೇ ಸಲವಾ, ಅಥವಾ 'ಟಕಟಕಟಕ' ಅಂತ ಬಡಿಯುತ್ತಾ? ಬಡಿಯುತ್ತಿದ್ದರೆ ಬ್ಯಾಟರಿ ಸೋತಿದೆ, ಇಲ್ಲ ದಪ್ಪ ಕೇಬಲ್ಲಿನ ತುದಿ ಸಡಿಲ. ಸೊಲೆನಾಯ್ಡ್ ಎಳೆದುಕೊಳ್ಳುತ್ತೆ, ಮೋಟಾರು ಕರೆಂಟ್ ಕೇಳಿದ ಕೂಡಲೇ ವೋಲ್ಟೇಜ್ ಬೀಳುತ್ತೆ, ಸೊಲೆನಾಯ್ಡ್ ಬಿಡುತ್ತೆ, ಮತ್ತೆ ಎಳೆಯುತ್ತೆ. ಸದ್ದೇ ಇಲ್ಲ ಅಂದರೆ ಸ್ವಿಚ್ಚಿನಿಂದ ಸೊಲೆನಾಯ್ಡ್‌ಗೆ ಕರೆಂಟ್ ಬರ್ತಾನೇ ಇಲ್ಲ. ಒಂದೇ 'ಟಕ್' ಅಂದರೆ ಎರಡೂ ಕಡೆ ಅನುಮಾನ.

ಎರಡು, ಹೆಡ್‌ಲೈಟ್. ಕೈ ಕೊಟ್ಟಾಗ ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ ಹಿಡಿಯಿರಿ. ದೀಪ ಪೂರ್ತಿ ಮಂಕಾದರೆ ಮೋಟಾರು ಕರೆಂಟ್ ಎಳೆಯುತ್ತಿದೆ, ತಿರುಗಲು ಆಗುತ್ತಿಲ್ಲ, ಇಲ್ಲವೇ ಬ್ಯಾಟರಿ ಕಡೆ ದೋಷ. ದೀಪ ಹಾಗೇ ಉರಿಯುತ್ತಿದ್ದರೆ ಮೋಟಾರಿಗೆ ಕರೆಂಟ್ ಮುಟ್ಟಿಯೇ ಇಲ್ಲ.

ಅಲ್ಲಿಯವರೆಗೆ ಯಾವ ಸಾಮಾನನ್ನೂ ಬದಲಾಯಿಸಬೇಡಿ.

ಹುಬ್ಬಳ್ಳಿ ಓಮ್ನಿ
ಏಪ್ರಿಲ್ 7, ಬೆಳಿಗ್ಗೆ 11:05

ನಮಗೂ ಹಿಂಗ ಆಗಿತ್ರಿ, ಆದ್ರ ಬ್ಯಾರೆ ಥರ. ನಮ್ಮದು 2008ರ ಓಮ್ನಿ, ಎಂಪಿಎಫ್‌ಐ, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸೋದು. ಸೆಲ್ಫ್ ಗರಗರ ತಿರುಗುತ್ತಿತ್ತು, ಇಂಜಿನ್ ಮಾತ್ರ ಹತ್ತುತ್ತಿರಲಿಲ್ಲ. ಒಮ್ಮೆ ಹತ್ತಿತು, ಒಮ್ಮೆ ಇಲ್ಲ. ಎರಡು ಸಲ ಪ್ಲಗ್ ಬದಲಿಸಿದೆವು.

ಆಮೇಲೆ ನಮ್ಮ ಯಜಮಾನರು ಒಂದು ವಿಷಯ ಗಮನಿಸಿದರು. ಈ ಗಾಡಿಗಳಲ್ಲಿ ಕೀ ಆನ್ ಮಾಡಿದ ಕೂಡಲೇ ಟ್ಯಾಂಕಿನ ಕಡೆಯಿಂದ ಎರಡು ಸೆಕೆಂಡ್ 'ಗುಂಯ್' ಅಂತ ಪೆಟ್ರೋಲ್ ಪಂಪಿನ ಸದ್ದು ಬರುತ್ತದೆ. ಸ್ಟಾರ್ಟ್ ಆಗದ ದಿನ ಆ ಸದ್ದು ಇರುತ್ತಿರಲಿಲ್ಲ. ಪಂಪಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕೋ ಸ್ವಿಚ್) ಬಿಚ್ಚಿ ನೋಡಿದರೆ ಒಳಗಿನ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕು. ಬಣ್ಣ ಎಲ್ಲಾ ಸರಿಯಾಗೇ ಕಾಣುತ್ತಿತ್ತು, ಓರೆಯಾಗಿ ಬೆಳಕಿಗೆ ಹಿಡಿದಾಗ ಮಾತ್ರ ಗೆರೆ ಕಂಡಿತು. ರಿಲೇ ಹೊಸದು ಹಾಕಿಸಿದ ಮೇಲೆ ಇವತ್ತಿನವರೆಗೂ ತೊಂದರೆ ಇಲ್ರಿ.

ಅದಕ್ಕ ಹೇಳೋದು, ಕಿವಿ ಕೊಟ್ಟು ಕೇಳ್ರಿ. ಕೆಟ್ಟಾಗ ಯಾವ ಸದ್ದು ಇರ್ತದ, ಯಾವುದು ಇರಂಗಿಲ್ಲ ಅಂತ.

ಹಳೇ ಡಿಪೋ
ಏಪ್ರಿಲ್ 7, ಮಧ್ಯಾಹ್ನ 1:20

ಸರಿಯಾಗಿ ಹೇಳಿದಿರಿ ತಾಯಿ. ಸೆಲ್ಫ್ ತಿರುಗಿದರೆ ಒಂದು ದಾರಿ, ತಿರುಗದಿದ್ದರೆ ಇನ್ನೊಂದು ದಾರಿ. ಎರಡನ್ನೂ ಕಲಸಿಕೊಂಡರೆ ಪ್ಲಗ್ಗಿನಿಂದ ಬ್ಯಾಟರಿವರೆಗೆ ಎಲ್ಲಾ ಬದಲಾಯಿಸುತ್ತಾ ಹೋಗುತ್ತೀರಿ.

ಕಾಫಿತೋಟದ ಜೀಪು, ಸಕಲೇಶಪುರ
ಏಪ್ರಿಲ್ 7, ರಾತ್ರಿ 8:00

ಡೀಸೆಲ್ ಜೀಪಿನವರಿಗೂ ಒಂದು ಮಾತು. ರಾತ್ರಿ ನಿಲ್ಲಿಸಿದ್ದು ಬೆಳಿಗ್ಗೆ ತುಂಬಾ ಹೊತ್ತು ಸೆಲ್ಫ್ ಹೊಡೆದರೆ ಮಾತ್ರ ಹತ್ತುತ್ತದೆ, ಮತ್ತೆ ದಿನವಿಡೀ ಸರಿ ಅಂದರೆ ಡೀಸೆಲ್ ಲೈನಿನಲ್ಲಿ ಏರ್ ಹಿಡಿಯುತ್ತಿದೆ ಅಂತ ಮೊದಲು ನೋಡಿ. ನಮ್ಮಲ್ಲಿ ಫಿಲ್ಟರ್ ಹತ್ತಿರದ ತಾಮ್ರದ ವಾಷರ್ ಸವೆದಿತ್ತು. ಡೀಸೆಲ್ ಹೊರಗೆ ಸೋರುತ್ತಿರಲಿಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತಿತ್ತು. ಕೈಪಂಪ್ ಒತ್ತಿದಾಗ ಗುಳ್ಳೆ ಬಂದರೆ ಅದೇ. ಹೀಟರ್ ಪ್ಲಗ್ ಆಮೇಲೆ ನೋಡಿದರೆ ಸಾಕು.

ತುಂಗಾತೀರ
ಏಪ್ರಿಲ್ 11, ರಾತ್ರಿ 9:15

ಇವತ್ತು ಮತ್ತೆ ಆಯ್ತು. ಬರುವಾಗ ಮಂಡಗದ್ದೆ ಹತ್ತಿರ ಟೀ ಕುಡಿಯಲು ನಿಲ್ಲಿಸಿದ್ದೆ. ಡಿಪೋ ಸಾರ್ ಹೇಳಿದ್ದು ನೋಡಿದೆ.

ಸದ್ದು ಒಂದೇ ಸಲ 'ಟಕ್'. ಆದರೆ ಗಮನ ಕೊಟ್ಟು ಕೇಳಿದರೆ ಬೆಳಿಗ್ಗೆ ಬರೋ ಗಟ್ಟಿ ಸದ್ದಲ್ಲ, ಮೆತ್ತಗಿನ ಸದ್ದು. ಹೆಡ್‌ಲೈಟ್ ಸ್ವಲ್ಪವೂ ಮಂಕಾಗಲಿಲ್ಲ.

ಇನ್ನೊಂದು. ಹೋದ ತಿಂಗಳು ಮೆಕ್ಯಾನಿಕ್ ಸೊಲೆನಾಯ್ಡ್‌ನ ಸಣ್ಣ ವೈರು ಬಿಚ್ಚಿ ಟೆಸ್ಟ್ ಲ್ಯಾಂಪ್ ಹಾಕಿ ನೋಡಿದ್ದರು. ಕೀ ತಿರುಗಿಸಿದಾಗ ಲ್ಯಾಂಪ್ ಚೆನ್ನಾಗಿ ಉರಿಯಿತು. ಅದಕ್ಕೇ ವೈರಿಂಗ್ ಸರಿ ಇದೆ, ಸೊಲೆನಾಯ್ಡ್ ಹೋಗಿದೆ ಅಂದರು.

ಹಳೇ ಡಿಪೋ
ಏಪ್ರಿಲ್ 12, ಬೆಳಿಗ್ಗೆ 6:30

ಈಗ ವಿಷಯ ಹತ್ತಿರ ಬಂತು. ಆ ಟೆಸ್ಟ್ ಲ್ಯಾಂಪ್ ಮಾತನ್ನು ಎಲ್ಲರೂ ಸ್ವಲ್ಪ ನಿಧಾನವಾಗಿ ಓದಿ. ಇಲ್ಲೇ ಹತ್ತರಲ್ಲಿ ಎಂಟು ಜನ ಎಡವುತ್ತಾರೆ. ಆ ಮೆಕ್ಯಾನಿಕ್ಕನ್ನು ಬೈಯುವುದೂ ಬೇಡ. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೇ ನೋಡುತ್ತಿದ್ದೆ.

5 ವ್ಯಾಟಿನ ಲ್ಯಾಂಪ್ ಅರ್ಧ ಆಂಪಿಯರ್ ಕೂಡ ಎಳೆಯಲ್ಲ. ಸೊಲೆನಾಯ್ಡ್ ಎಳೆದುಕೊಳ್ಳೋ ಕ್ಷಣಕ್ಕೆ ಇಪ್ಪತ್ತು ಆಂಪಿಯರ್ ಆಸುಪಾಸು ಬೇಡುತ್ತೆ. ದಾರಿಯಲ್ಲಿ ಎಲ್ಲೋ ಒಂದು ಕಡೆ ಜಾಯಿಂಟ್ ಸುಟ್ಟು ಕಾಲು ಓಮ್ ತಡೆ ಬಂದಿದೆ ಅಂತಿಟ್ಟುಕೊಳ್ಳಿ. ಲ್ಯಾಂಪಿಗೆ ಅದರಲ್ಲಿ ಕಳೆಯೋದು 0.1 ವೋಲ್ಟ್. ಕಣ್ಣಿಗೆ ಗೊತ್ತೇ ಆಗಲ್ಲ. ಅದೇ ಜಾಯಿಂಟಲ್ಲಿ ಸೊಲೆನಾಯ್ಡ್‌ಗೆ ಕಳೆಯೋದು 5 ವೋಲ್ಟ್. ಪೈಪಿನಲ್ಲಿ ಕಸ ಕಟ್ಟಿದ್ದರೂ ಹನಿ ಹನಿ ನೀರು ಬರುತ್ತೆ, ಬಕೆಟ್ ಇಟ್ಟಾಗಲೇ ಗೊತ್ತಾಗೋದು.

ಬಿಸಿಯಾದಾಗ ಮಾತ್ರ ಯಾಕೆ? ಸೊಲೆನಾಯ್ಡ್‌ನೊಳಗೆ ಇರೋದು ತಾಮ್ರದ ಸುರುಳಿ. ತಾಮ್ರ ಒಂದು ಡಿಗ್ರಿ ಬಿಸಿಯಾದರೆ ಅದರ ತಡೆ ಶೇಕಡ 0.39 ಏರುತ್ತೆ. ಇಂಜಿನ್ ಪಕ್ಕದಲ್ಲಿ 60 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಕಾಲು ಭಾಗ ಜಾಸ್ತಿ. ಕರೆಂಟ್ ಅಷ್ಟು ಕಡಿಮೆ, ಎಳೆಯೋ ಬಲವೂ ಕಡಿಮೆ. ಜಾಯಿಂಟ್ ಚೆನ್ನಾಗಿದ್ದರೆ ಬಿಸಿಯಲ್ಲೂ ಎಳೆಯುತ್ತೆ. ಜಾಯಿಂಟಲ್ಲಿ ವೋಲ್ಟ್ ಕಳೆದುಹೋಗಿ, ಮೇಲೆ ಸುರುಳಿಯೂ ಬಿಸಿಯಾದರೆ ಅರ್ಧ ದೂರ ಎಳೆದು ನಿಲ್ಲುತ್ತೆ. ನಿಮ್ಮ ಮೆತ್ತಗಿನ 'ಟಕ್' ಅದೇ ಇರಬೇಕು. ಸೆಲ್ಫ್ ಬಿಚ್ಚಿ ಒಳಗೆ ಸ್ವಚ್ಛ ಮಾಡಿದಾಗ ಎಳೆತ ಸ್ವಲ್ಪ ಹಗುರಾಯ್ತು, ಒಂದು ತಿಂಗಳು ನಡೆಯಿತು.

ಇದು ನನ್ನ ಅನುಮಾನ ಅಷ್ಟೇ. ಅಳೆಯದೆ ಒಪ್ಪಬೇಡಿ. ಒಂದು ಡಿಜಿಟಲ್ ಮೀಟರ್ ತಗೊಂಡು ಡ್ಯಾಶ್‌ಬೋರ್ಡ್ ಡಬ್ಬಿಯಲ್ಲೇ ಇಟ್ಟುಕೊಳ್ಳಿ. ಕೈ ಕೊಟ್ಟ ಜಾಗದಲ್ಲೇ ಅಳೆಯಬೇಕು. ಮನೆಗೆ ಬಂದ ಮೇಲೆ ಅಳೆದರೆ ಎಲ್ಲಾ ಸರಿ ಅಂತಲೇ ತೋರಿಸುತ್ತೆ.

ಅಳೆಯೋದು ಹೀಗೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಒಬ್ಬರು ಒಳಗೆ ಕೂತು ಕೀ ತಿರುಗಿಸಿ ಹಿಡಿಯಬೇಕು, ಐದು ಸೆಕೆಂಡಿಗಿಂತ ಜಾಸ್ತಿ ಬೇಡ. ಆಗ ಬ್ಯಾಟರಿಯ ಎರಡು ತುದಿ ನಡುವೆ ಎಷ್ಟು ನೋಡಿ. ಆಮೇಲೆ ಬ್ಯಾಟರಿ ಪ್ಲಸ್‌ನಿಂದ ಸೊಲೆನಾಯ್ಡ್‌ನ ಸಣ್ಣ ಟರ್ಮಿನಲ್‌ಗೆ. ಅದನ್ನು 50 ಅಂತಾರೆ. ವೈರು ಬಿಚ್ಚಬೇಡಿ, ಹಾಕಿದ ಹಾಗೇ ಇರಲಿ. ಆಮೇಲೆ ಬ್ಯಾಟರಿ ಮೈನಸ್‌ನಿಂದ ಇಂಜಿನ್ ಬ್ಲಾಕಿನ ಬರಿ ಲೋಹಕ್ಕೆ. ಎಷ್ಟು ವೋಲ್ಟ್ ಬಂತು ಅನ್ನೋದಕ್ಕಿಂತ ದಾರಿಯಲ್ಲಿ ಎಷ್ಟು ಕಳೆಯಿತು ಅನ್ನೋದು ಮುಖ್ಯ. ಅರ್ಥಿಂಗ್ ಕಡೆ, ಅಂದರೆ ಮೈನಸ್‌ನಿಂದ ಬ್ಲಾಕಿಗೆ, 0.2 ವೋಲ್ಟ್ ದಾಟಬಾರದು.

ಕೈಯಲ್ಲಿ ಉಂಗುರ, ಬಳೆ, ಲೋಹದ ವಾಚ್ ಬೇಡ. ಫ್ಯಾನ್ ಬೆಲ್ಟ್ ಹತ್ತಿರ ವೈರು ನೇತಾಡಬಾರದು.

ಮಸ್ಕತ್ ಕನ್ನಡಿಗ
ಏಪ್ರಿಲ್ 12, ಮಧ್ಯಾಹ್ನ 3:45

ಇಲ್ಲಿ ಬೇಸಿಗೆಯಲ್ಲಿ 45 ಡಿಗ್ರಿ ದಾಟುತ್ತದೆ, ಹಾಗಾಗಿ ಈ ಬಿಸಿ ತೊಂದರೆ ನಮಗೆ ಚೆನ್ನಾಗಿ ಗೊತ್ತು. ನನ್ನದು ಆಟೋಮ್ಯಾಟಿಕ್ ಗೇರಿನ ಹಳೇ ಕಾರು. ಇಂಥ ಗಾಡಿ ಇರುವವರು ಸ್ಟಾರ್ಟ್ ಆಗದಿದ್ದರೆ ಲಿವರನ್ನು ಪಾರ್ಕಿನಿಂದ ನ್ಯೂಟ್ರಲ್‌ಗೆ ತಂದು ಒಮ್ಮೆ ಕೀ ತಿರುಗಿಸಿ. ಆಗ ಸ್ಟಾರ್ಟ್ ಆದರೆ ಗೇರಿನ ಸ್ವಿಚ್ (ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಮಾತ್ರ ಸ್ಟಾರ್ಟ್ ಆಗಲು ಬಿಡುವುದು) ಮೇಲೆ ಅನುಮಾನ ಇಡಬಹುದು. ನನ್ನದು ಹಾಗೇ ಸಿಕ್ಕಿತು. ಇವುಗಳನ್ನು ತಳ್ಳಿ ಸ್ಟಾರ್ಟ್ ಮಾಡಲು ಆಗಲ್ಲ, ಅದಕ್ಕೆ ಪ್ರಯತ್ನಿಸಬೇಡಿ.

ಡಿಪೋ ಸಾರ್, ಬಸ್ಸಿನಲ್ಲೂ ಇದೇ ಲೆಕ್ಕವಾ?

ಹಳೇ ಡಿಪೋ
ಏಪ್ರಿಲ್ 12, ಸಂಜೆ 5:30

ಲೆಕ್ಕ ಅದೇ, ಆದರೆ ಬಸ್ಸು 24 ವೋಲ್ಟ್. ಅಷ್ಟೇ ಕೆಲಸಕ್ಕೆ ಅರ್ಧ ಕರೆಂಟ್ ಸಾಕು. ಒಂದು ವೋಲ್ಟ್ ಕಳೆದರೂ 24ರಲ್ಲಿ ಒಂದು. ಕಾರಿನಲ್ಲಿ ಆ ಒಂದು ವೋಲ್ಟ್ 12ರಲ್ಲಿ ಹೋಗುತ್ತೆ. ಅದಕ್ಕೇ ಸಣ್ಣ ಗಾಡಿಯಲ್ಲಿ ಜಾಯಿಂಟ್ ಇನ್ನೂ ಚೊಕ್ಕಟ ಇರಬೇಕು.

ತುಂಗಾತೀರ
ಏಪ್ರಿಲ್ 14, ರಾತ್ರಿ 8:50

ಮೀಟರ್ ತಗೊಂಡೆ. ಇವತ್ತು ಬೆಳಿಗ್ಗೆ ತಣ್ಣಗಿದ್ದಾಗ ಅಳೆದೆ. ಸೆಲ್ಫ್ ತಿರುಗುವಾಗ ಬ್ಯಾಟರಿ 10.6. ಅರ್ಥಿಂಗ್ ಕಡೆ 0.15. ಪ್ಲಸ್‌ನಿಂದ ಸಣ್ಣ ಟರ್ಮಿನಲ್‌ಗೆ 1.4. ಇಂಜಿನ್ ಆಫ್ ಇದ್ದಾಗ ಬ್ಯಾಟರಿ 12.6, ಓಡುವಾಗ 14.1.

1.4 ಸಾಕಷ್ಟು ಕಡಿಮೆ ಅಲ್ವಾ ಸಾರ್?

ಹಳೇ ಡಿಪೋ
ಏಪ್ರಿಲ್ 14, ರಾತ್ರಿ 9:30

ಬ್ಯಾಟರಿ ಚೆನ್ನಾಗಿದೆ, ಡೈನಮೋ ಚೆನ್ನಾಗಿದೆ, ಅರ್ಥಿಂಗ್ ಚೆನ್ನಾಗಿದೆ. ಸೆಲ್ಫ್ ತಿರುಗುವಾಗ 9.6ರ ಕೆಳಗೆ ಬಿದ್ದರೆ ಮಾತ್ರ ಬ್ಯಾಟರಿ ಮೇಲೆ ಅನುಮಾನ. ಆ ಮೂರನ್ನೂ ತಲೆಯಿಂದ ತೆಗೆದುಬಿಡಿ.

1.4 ಕಡಿಮೆ ಅಲ್ಲ, ಜಾಸ್ತಿ. ಅದೂ ಸೆಲ್ಫ್ ತಿರುಗುವಾಗ ಅಳೆದಿದ್ದು. ಸೊಲೆನಾಯ್ಡ್‌ನಲ್ಲಿ ಎರಡು ಸುರುಳಿ ಇರುತ್ತೆ, ಒಂದು ಎಳೆಯೋದಕ್ಕೆ, ಇನ್ನೊಂದು ಹಿಡಿದುಕೊಳ್ಳೋದಕ್ಕೆ. ಒಳಗಿನ ತಾಮ್ರದ ಬಿಲ್ಲೆ ಕೂತು ಮೋಟಾರು ತಿರುಗಿದ ಮೇಲೆ ಎಳೆಯೋ ಸುರುಳಿಗೆ ಕೆಲಸ ಇಲ್ಲ, ಕರೆಂಟ್ ತುಂಬಾ ಕಮ್ಮಿ ಆಗುತ್ತೆ. ಅಷ್ಟು ಕಮ್ಮಿ ಕರೆಂಟಲ್ಲೇ 1.4 ಕಳೆಯುತ್ತಿದೆ ಅಂದರೆ ಎಳೆಯೋ ಹೊತ್ತಲ್ಲಿ ಎಷ್ಟು ಕಳೆಯಬಹುದು ನೋಡಿ. ಕೈ ಕೊಟ್ಟಾಗ ಅಳೆದು ಹೇಳಿ. ಕಾಯುತ್ತೇನೆ.

ತುಂಗಾತೀರ
ಏಪ್ರಿಲ್ 18, ರಾತ್ರಿ 10:05

ಸಿಕ್ಕಿತು ಸಾರ್. ಆಸ್ಪತ್ರೆಯಿಂದ ಬರುವಾಗ ಸಕ್ರೆಬೈಲು ಹತ್ತಿರ ಬೇಕೆಂದೇ ನಿಲ್ಲಿಸಿ, ಬಾನೆಟ್ ಮುಚ್ಚಿಯೇ ಹತ್ತು ನಿಮಿಷ ಬಿಟ್ಟೆ. ಕೀ ತಿರುಗಿಸಿದೆ, 'ಟಕ್'. ಮೂರು ತಿಂಗಳಲ್ಲಿ ಮೊದಲ ಸಲ ಆ ಸದ್ದು ಕೇಳಿ ಸಮಾಧಾನ ಆಯ್ತು.

ಕೀ ಹಿಡಿಯಲು ಬೇರೆ ಯಾರೂ ಇರಲಿಲ್ಲ. ಅಮ್ಮನೇ ನಿಧಾನಕ್ಕೆ ಇಳಿದು ಡ್ರೈವರ್ ಸೀಟಿಗೆ ಬಂದು ಕೂತರು. ಇಷ್ಟು ವರ್ಷದಲ್ಲಿ ಆ ಸೀಟಿನಲ್ಲಿ ಅವರು ಕೂತಿದ್ದು ಇದೇ ಮೊದಲು. ನಾನು "ಹಿಡಿ" ಅಂದಾಗ ಹಿಡಿದು, "ಬಿಡು" ಅಂದಾಗ ಬಿಟ್ಟರು. ನಡುವೆ ನಾನು ಓದಿದ ಸಂಖ್ಯೆಗಳನ್ನು ಆಸ್ಪತ್ರೆ ಚೀಟಿಯ ಹಿಂದೆ ಬರೆದುಕೊಂಡರು.

ಕೀ ಹಿಡಿದಾಗ ಬ್ಯಾಟರಿ 12.3. ಅರ್ಥಿಂಗ್ ಕಡೆ 0.1. ಪ್ಲಸ್‌ನಿಂದ ಸಣ್ಣ ಟರ್ಮಿನಲ್‌ಗೆ 5.1. ಸಣ್ಣ ಟರ್ಮಿನಲ್‌ನಿಂದ ಇಂಜಿನ್ ಬ್ಲಾಕಿಗೆ 7.1.

ಹಳೇ ಡಿಪೋ
ಏಪ್ರಿಲ್ 18, ರಾತ್ರಿ 10:20

ಕೂಡಿಸಿ ನೋಡಿ. 5.1, 7.1, 0.1. ಸರಿಯಾಗಿ 12.3. ಲೆಕ್ಕ ಕೂಡಿತು ಅಂದರೆ ಅಳತೆ ಸರಿ. ನಿಮ್ಮ ತಾಯಿಗೆ ನನ್ನ ನಮಸ್ಕಾರ ಹೇಳಿ, ಇಷ್ಟು ಚೊಕ್ಕಟ ಬರೆದುಕೊಂಡು ಬರೋ ಹೆಲ್ಪರ್ ನಮಗೆ ಸಿಗುತ್ತಿರಲಿಲ್ಲ.

ಸೊಲೆನಾಯ್ಡ್‌ಗೆ 7.1 ವೋಲ್ಟ್ ಕೊಟ್ಟು ಅದು ಎಳೆಯಲಿಲ್ಲ ಅಂದರೆ ಅದರ ತಪ್ಪಿಲ್ಲ. ಬದಲಾಯಿಸಬೇಡಿ. 5.1 ವೋಲ್ಟ್ ಬ್ಯಾಟರಿಯಿಂದ ಇಗ್ನಿಷನ್ ಸ್ವಿಚ್‌ಗೆ ಹೋಗಿ ವಾಪಸ್ ಸೊಲೆನಾಯ್ಡ್‌ಗೆ ಬರೋ ದಾರಿಯಲ್ಲಿ ಎಲ್ಲೋ ಸುಡುತ್ತಿದೆ. ಈಗ ದಾರಿಯನ್ನು ತುಂಡು ಮಾಡಿ ಅಳೆಯಬೇಕು. ಸ್ಟೇರಿಂಗ್ ಕೆಳಗಿನ ಕವರ್ ಬಿಚ್ಚಿ. ಸ್ವಿಚ್‌ನಿಂದ ಇಳಿಯೋ ವೈರುಗಳ ಕಪ್ಲರ್, ಅಂದರೆ ಎರಡು ಕಡೆಯ ವೈರು ಸೇರಿಸೋ ಪ್ಲಾಸ್ಟಿಕ್ ಜೋಡಣೆ, ಸಿಗುತ್ತೆ. ಅದನ್ನು ಎಳೆದು ಬಿಚ್ಚಬೇಡಿ, ಬಿಚ್ಚಿ ಹಾಕಿದರೆ ದೋಷ ಒಂದು ವಾರ ಮಾಯ ಆಗುತ್ತೆ. ಹಿಂಬದಿಯಿಂದ ವೈರಿನ ಪಕ್ಕ ಗುಂಡುಸೂಜಿ ತೂರಿಸಿ ಅದರ ಮೇಲೆ ಮೀಟರ್ ಇಡಿ. ಎರಡು ಸೂಜಿ ಒಂದಕ್ಕೊಂದು ತಾಗಬಾರದು.

ಕಡಲತಡಿ
ಏಪ್ರಿಲ್ 18, ರಾತ್ರಿ 11:00

ಇಷ್ಟೆಲ್ಲಾ ಯಾಕೆ? ಸೆಲ್ಫಿಗೆ ಒಂದು ರಿಲೇ ಹಾಕಿಸಿದರೆ ಆಯ್ತಲ್ಲ. ನಮ್ಮ ಕಡೆ ಹಳೇ 800ಗಳಿಗೆ ಹಾಕಿಸುವುದು ಉಂಟು. ಬ್ಯಾಟರಿಯಿಂದ ನೇರ ಸೊಲೆನಾಯ್ಡ್‌ಗೆ ಕರೆಂಟ್. ಸ್ವಿಚ್‌ಗೆ ಕೆಲಸವೇ ಕಡಿಮೆ.

ಹಳೇ ಡಿಪೋ
ಏಪ್ರಿಲ್ 19, ಬೆಳಿಗ್ಗೆ 6:15

ರಿಲೇ ಒಳ್ಳೆಯದು. ನಾನೂ ಹಾಕಿ ಅಂತಲೇ ಹೇಳುತ್ತೇನೆ. ಆದರೆ ಮೊದಲು ಸುಡುತ್ತಿರೋ ಜಾಗ ಕಣ್ಣಿಗೆ ಕಾಣಬೇಕು. 5 ವೋಲ್ಟು, 20 ಆಂಪಿಯರ್ ಅಂತ ಹಿಡಿದರೆ 100 ವ್ಯಾಟ್‌ವರೆಗೆ ಶಾಖ ಒಂದು ಅಕ್ಕಿಕಾಳಿನಷ್ಟು ಜಾಗದಲ್ಲಿ. ಅದೂ ಡ್ಯಾಶ್‌ಬೋರ್ಡ್ ಕೆಳಗೆ, ಕಾಲ ಹತ್ತಿರ. ಪಕ್ಕದ ವೈರಿನ ಮೇಲಿನ ಪ್ಲಾಸ್ಟಿಕ್ ಎಷ್ಟು ಕರಗಿದೆಯೋ ಗೊತ್ತಿಲ್ಲ. ಅದನ್ನು ಹಾಗೇ ಬಿಟ್ಟು ಮೇಲೆ ರಿಲೇ ಹಾಕಿದರೆ ಗಾಡಿ ಸ್ಟಾರ್ಟ್ ಆಗುತ್ತೆ, ಸುಟ್ಟ ಕಪ್ಲರ್ ಮಾತ್ರ ಅಲ್ಲೇ ಉಳಿಯುತ್ತೆ. ಒಂದು ದಿನ ಬೇರೆ ವೈರಿಗೆ ತಾಗಿದರೆ ಏನು ಮಾಡುತ್ತೀರಿ? ಗಾಡಿಯಲ್ಲಿ ವಯಸ್ಸಾದವರು ಕೂರುತ್ತಾರೆ.

ಕಡಲತಡಿ
ಏಪ್ರಿಲ್ 19, ಬೆಳಿಗ್ಗೆ 9:40

ಒಪ್ಪಿದೆ ಸಾರ್. ಬೆಂಕಿಯ ವಿಚಾರ ನನ್ನ ತಲೆಗೆ ಹೋಗಿರಲಿಲ್ಲ.

ತುಂಗಾತೀರ
ಏಪ್ರಿಲ್ 21, ರಾತ್ರಿ 9:30

ಇವತ್ತು ಕವರ್ ಬಿಚ್ಚಿ ಸೂಜಿ ಹಾಕಿಕೊಂಡೇ ಶಿವಮೊಗ್ಗಕ್ಕೆ ಹೋಗಿ ಬಂದೆ. ಸೂಜಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿದ್ದೆ. ಮನೆ ಅಂಗಳದಲ್ಲೇ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಕೀ ಹಾಕಿದರೆ ಕೈ ಕೊಟ್ಟಿತು. ಮತ್ತೆ ಅಮ್ಮನೇ ಕೀ ಹಿಡಿದರು.

ಬ್ಯಾಟರಿಯಿಂದ ಕಪ್ಲರ್‌ವರೆಗೆ ಬರುವ ದಪ್ಪ ವೈರಿನಲ್ಲಿ 0.4. ಸ್ವಿಚ್‌ನೊಳಗೆ 0.3. ಸ್ವಿಚ್‌ನಿಂದ ಹೊರಡುವ ಸೆಲ್ಫ್ ವೈರು ಕಪ್ಲರ್ ದಾಟುವ ಜಾಗದಲ್ಲಿ, ಆ ಅರ್ಧ ಇಂಚಿನಲ್ಲಿ, 4.2. ಅಲ್ಲಿಂದ ಸೊಲೆನಾಯ್ಡ್‌ವರೆಗೆ 0.2.

ಬ್ಯಾಟರಿ ಮೈನಸ್ ತೆಗೆದು ಕಪ್ಲರ್ ಬಿಚ್ಚಿದೆ. ಹಾಲಿನ ಬಣ್ಣದ ಪ್ಲಾಸ್ಟಿಕ್ಕು. ಪಿನ್ನು ಕೂರುವ ಒಂದೇ ಒಂದು ಮನೆ ಮಾತ್ರ ಕಾಯಿಸಿದ ಬೆಲ್ಲದ ಬಣ್ಣಕ್ಕೆ ತಿರುಗಿದೆ, ಅಂಚು ಕರಗಿ ಒಳಕ್ಕೆ ಬಾಗಿದೆ. ಮೂಗಿನ ಹತ್ತಿರ ಹಿಡಿದರೆ ಸುಟ್ಟ ಬೇಕಲೈಟಿನ ವಾಸನೆ. ಉಳಿದ ಪಿನ್ನುಗಳು ಬಿಗಿಯಾಗಿ ಎಳೆದರೆ ಮಾತ್ರ ಬರುತ್ತವೆ, ಈ ಪಿನ್ನು ಬೆಣ್ಣೆಯಲ್ಲಿ ಕಡ್ಡಿ ಜಾರಿದ ಹಾಗೆ ಜಾರಿ ಬಂತು. ಅದರ ಕ್ಲಿಪ್ಪು ಬಾಯಿ ಅಗಲಿಸಿಕೊಂಡು ಕಪ್ಪಗಾಗಿತ್ತು. ಪಕ್ಕದ ವೈರಿನ ಮೇಲೂ ಸ್ವಲ್ಪ ಮೆತ್ತಗಾದ ಗುರುತು ಇದೆ. ಡಿಪೋ ಸಾರ್ ಹೇಳಿದ ಬೆಂಕಿಯ ಮಾತು ಸುಮ್ನೆ ಹೇಳಿದ್ದಲ್ಲ.

ಹುಬ್ಬಳ್ಳಿ ಓಮ್ನಿ
ಏಪ್ರಿಲ್ 21, ರಾತ್ರಿ 10:00

ಭಾಳ ಛಲೋ ಆತ್ರಿ! ಓದಿ ನಮಗೂ ಖುಷಿ ಆತು. ತಾಯಿಯವರಿಗೆ ಹೇಳ್ರಿ.

ಹಳೇ ಡಿಪೋ
ಏಪ್ರಿಲ್ 22, ಬೆಳಿಗ್ಗೆ 6:05

ಈಗ ಕೆಲಸ ಸುಲಭ. ಕ್ಲಿಪ್ಪನ್ನು ಇಕ್ಕಳದಲ್ಲಿ ಒತ್ತಿ ಮತ್ತೆ ಹಾಕಬೇಡಿ. ಒಮ್ಮೆ ಕಾದ ಹಿತ್ತಾಳೆಗೆ ಬಿಗಿ ನಿಲ್ಲಲ್ಲ. ಕಪ್ಲರ್ ಎರಡೂ ಕಡೆಯದು ಹೊಸದು ಹಾಕಿಸಿ. ವೈರನ್ನು ಕಪ್ಪಗಿರೋ ಕಡೆಯಿಂದ ಕತ್ತರಿಸಿ, ತಾಮ್ರ ಕೆಂಪಗೆ ಹೊಳೆಯೋ ಜಾಗದವರೆಗೂ ಹೋಗಿ, ಅಲ್ಲಿಂದ ಹೊಸ ತುಂಡು ಸೇರಿಸಿ. ಮೆತ್ತಗಾದ ಪಕ್ಕದ ವೈರಿಗೂ ಅದೇ ಮಾಡಿ.

ಆಮೇಲೆ ರಿಲೇ. ನಾಲ್ಕು ಕಾಲಿನದು, 30 ಆಂಪಿಯರಿನದು ಸಾಕು. 30 ಅಂತ ಗುರುತಿರೋ ಕಾಲಿಗೆ ಬ್ಯಾಟರಿ ಪ್ಲಸ್, ಮಧ್ಯೆ ಬ್ಯಾಟರಿ ಹತ್ತಿರವೇ 30 ಆಂಪಿಯರಿನ ಫ್ಯೂಸ್. 87ರಿಂದ ಸೊಲೆನಾಯ್ಡ್‌ನ ಸಣ್ಣ ಟರ್ಮಿನಲ್‌ಗೆ. ಮೊದಲು ಸೊಲೆನಾಯ್ಡ್‌ಗೆ ಹೋಗುತ್ತಿದ್ದ ಸ್ವಿಚ್ ವೈರು 86ಕ್ಕೆ. 85 ಗಾಡಿಯ ಬಾಡಿಯ ಲೋಹಕ್ಕೆ, ಬಣ್ಣ ಕೆರೆದು ಬಿಗಿಯಾಗಿ. 30 ಮತ್ತು 87ರ ವೈರು 4 ಚದರ ಮಿಲಿಮೀಟರ್ ಇರಲಿ. ಇನ್ನು ಮುಂದೆ ಸ್ವಿಚ್ ದಾಟೋದು ರಿಲೇ ಸುರುಳಿಯ 0.2 ಆಂಪಿಯರ್ ಅಷ್ಟೇ. ನಿಮ್ಮ ಕಡೆ ಮಳೆ ಜಾಸ್ತಿ. ರಿಲೇಯನ್ನು ಕಾಲು ಕೆಳಗೆ ಮಾಡಿ ಕೂರಿಸಿ, ನೀರು ನಿಲ್ಲಬಾರದು.

ಬ್ಯಾಟರಿ ಟರ್ಮಿನಲ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಬಿಳಿ ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ಬಿಗಿದ ಮೇಲೆ ವ್ಯಾಸಲೀನ್ ಸವರಿ.

ಕಾಫಿತೋಟದ ಜೀಪು
ಏಪ್ರಿಲ್ 22, ರಾತ್ರಿ 8:20

ಇದನ್ನು ಓದಿ ನಮ್ಮ ಜೀಪಿನಲ್ಲೂ ಅಳೆದೆ. ಅರ್ಥಿಂಗ್ ಕಡೆ 0.9 ಬಂತು! ಗೇರ್‌ಬಾಕ್ಸಿನಿಂದ ಚಾಸಿಗೆ ಹೋಗುವ ಹೆಣೆದ ಪಟ್ಟಿ ಹಸಿರುಗಟ್ಟಿ ಅರ್ಧ ತುಂಡಾಗಿತ್ತು. ಬದಲಾಯಿಸಿದ ಮೇಲೆ 0.1. ಸೆಲ್ಫ್ ತಿರುಗುವ ವೇಗವೇ ಬೇರೆ ಆಗಿದೆ.

ತುಂಗಾತೀರ
ಮೇ 17, ರಾತ್ರಿ 9:00

ಎಲ್ಲರಿಗೂ ಕೃತಜ್ಞತೆ. ಕಪ್ಲರ್, ವೈರು, ರಿಲೇ, ಫ್ಯೂಸ್ ಹೋಲ್ಡರ್, ಕೂಲಿ ಎಲ್ಲಾ ಸೇರಿ 850 ರೂಪಾಯಿ ಆಯ್ತು. ಮೊದಲು ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದ್ದ ಮೆಕ್ಯಾನಿಕ್ ಹತ್ತಿರವೇ ಮಾಡಿಸಿದೆ. ಚೀಟಿಯ ಮೇಲಿನ ಸಂಖ್ಯೆ ತೋರಿಸಿದಾಗ ಕೂತು ಎರಡು ಸಲ ಓದಿದರು, ಸೂಜಿ ಹಾಕಿ ಅಳೆಯೋದನ್ನು ನನ್ನಿಂದ ಮಾಡಿಸಿ ನೋಡಿದರು.

ಇಪ್ಪತ್ತೈದು ದಿನದಲ್ಲಿ ಏಳು ಸಲ ಶಿವಮೊಗ್ಗಕ್ಕೆ ಹೋಗಿ ಬಂದೆವು. ಪ್ರತಿ ಸಲ ಬಿಸಿಯಿದ್ದಾಗ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ ನೋಡಿದ್ದೇನೆ. ಒಂದು ಸಲವೂ ಕೈ ಕೊಟ್ಟಿಲ್ಲ. ಬಿಸಿಯಲ್ಲಿ ಸೆಲ್ಫ್ ತಿರುಗುವಾಗ ಪ್ಲಸ್‌ನಿಂದ ಸಣ್ಣ ಟರ್ಮಿನಲ್‌ಗೆ ಈಗ 0.2.

ಹಳೇ ಡಿಪೋ
ಮೇ 18, ಬೆಳಿಗ್ಗೆ 6:00

0.2 ಚೆನ್ನಾಗಿದೆ. ಹಳೇ ಕಪ್ಲರ್ ಬಿಸಾಡಿದಿರಾ? ಇದ್ದರೆ ಫೋಟೋ ಹಾಕಿ. ಬೇರೆಯವರಿಗೆ ಆ ಬಣ್ಣ ನೋಡಿ ಗೊತ್ತಾಗಲಿ.

ತುಂಗಾತೀರ
ಮೇ 18, ಬೆಳಿಗ್ಗೆ 8:30

ಇದೆ ಸಾರ್. ಅಮ್ಮ ಅದನ್ನು ಅಪ್ಪನ ಸ್ಪ್ಯಾನರ್ ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ. ಎರಡು ಫೋಟೋ ಹಾಕಿದ್ದೇನೆ, ಒಂದು ಮುಂದಿನಿಂದ, ಒಂದು ಹಿಂದಿನಿಂದ. ಎಡಗಡೆಯ ಎರಡನೇ ಮನೆ ನೋಡಿ.